ಅಲಂಕಾರಕ್ಕೆ ಮೊದಲು ಗೊರಸು

ಮಹಾಶಿವರಾತ್ರಿಯು ಸಮೀಪಿಸಿತೆಂದರೆ ತುಮಕೂರು ಸೀಮೆಯ ರೈತರ ಮನೆಗಳಲ್ಲಿ ಸಿದ್ಧಗಂಗೆಯ ದನಗಳ ಜಾತ್ರೆಗೆ ಸಿದ್ಧತೆ ತೊಡಗುತ್ತದೆ. ಹಳ್ಳಿಕಾರ್ ತಳಿಯ ಜೋಡಿಗಳ ಮೈಯುಜ್ಜಿ ತೊಳೆಯುತ್ತಾರೆ. ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬುಗಳಿಗೆ ಎಣ್ಣೆ ಸವರುತ್ತಾರೆ. ಗೆಜ್ಜೆ, ಗೊಂಡೆಗಳನ್ನು ಪೆಟ್ಟಿಗೆಯಿಂದ ಹೊರತೆಗೆಯುತ್ತಾರೆ. ಈ ಸಡಗರವನ್ನು ಕಂಡಾಗಲೆಲ್ಲ ಬಾಲ್ಯದ ಒಂದು ಪ್ರಸಂಗವು ನೆನಪಾಗಿ ನಮಗೆ ನಾಚಿಕೆಯಾಗುತ್ತದೆ.

ಅದು 1973ನೆಯ ಇಸವಿ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ನಮಗೆ ಆಗ ಹದಿಮೂರು ವರ್ಷ. ಅಕ್ಕನ ಮದುವೆಯ ವೆಚ್ಚಕ್ಕಾಗಿ ತೀರ್ಥರೂಪರು ನಾಲ್ಕು ಹಲ್ಲಿನ ಜೋಡಿಯೊಂದನ್ನು ಮಾರಲು ನಿಶ್ಚಯಿಸಿದ್ದರು. ಸಿಂಗರಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಕೊಂಬು, ಮೈ, ಬಾಲಗಳಿಗೆ ಮಾಡದ ಉಪಚಾರವಿಲ್ಲ. ಗೊರಸಿನ ಕಡೆಗೆ ಮಾತ್ರ ನಮ್ಮ ದೃಷ್ಟಿ ಹರಿಯಲಿಲ್ಲ. ಹೊರಡುವ ಹಿಂದಿನ ದಿನ ಅವಸರದಲ್ಲಿ ಲಾಳ ಕಟ್ಟಿಸಿದ್ದಾಯಿತು. ಮರುದಿನ ದಾರಿಯಲ್ಲಿ ಬಲಗಡೆಯ ಎತ್ತು ಹಿಂಗಾಲನ್ನು ಊರಲು ಅಳುಕುತ್ತಿದ್ದುದನ್ನು ಕಂಡೆವು. ಬೈಗುಳಕ್ಕೆ ಹೆದರಿ ಕಂಡೂ ಸುಮ್ಮನಿದ್ದೆವು.

ಜಾತ್ರೆಯಲ್ಲಿ ಕೊಳ್ಳಲು ಬಂದ ಹಿರಿಯರು ಹಲ್ಲು ನೋಡಿದರು, ಸುಳಿ ನೋಡಿದರು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯೂ ಕುದುರಿತು. ಜೋಡಿಯನ್ನು ಒಪ್ಪಿಸಲು ನಾಲ್ಕು ಹೆಜ್ಜೆ ನಡೆಸಿದ ತೀರ್ಥರೂಪರು ಥಟ್ಟನೆ ನಿಂತು, ಎತ್ತಿನ ಕಾಲನ್ನು ಮೇಲೆತ್ತಿ ನೋಡಿದರು. ಲಾಳದ ಒಂದು ಮೊಳೆ ಒಳಮಾಂಸಕ್ಕೆ ಇಳಿದಿತ್ತು. “ಸ್ವಾಮಿ, ಎತ್ತಿಗೆ ಕಾಲುನೋವಿದೆ. ವಾಸಿಯಾಗುವ ತನಕ ನಿಮಗೆ ಕೊಡುವುದು ನ್ಯಾಯವಲ್ಲ” ಎಂದು ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ನಮ್ಮ ಕಡೆಗೆ ತಿರುಗಿ, “ಮೊದಲೇ ಕಂಡಿದ್ದೆಯೇನಪ್ಪಾ?” ಎಂದಷ್ಟೇ ಕೇಳಿದರು. ನಾವು ತಲೆ ತಗ್ಗಿಸಿದೆವು.

ಅಕ್ಕನ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಆ ಎತ್ತಿನ ಕಾಲಿಗೆ ದಿನವೂ ಬಿಸಿನೀರಿನ ಶಾಖ ಕೊಟ್ಟವಳು ಆ ಅಕ್ಕನೇ.

ಎತ್ತಿನ ಗೊರಸು ಎರಡು ಸೀಳಾಗಿರುವುದರಿಂದ ನಾಲ್ಕು ಕಾಲಿಗೆ ಎಂಟು ಲಾಳ. ಗೊರಸಿನ ಹೊರಗೋಡೆಗೆ ನೋವಿಲ್ಲ. ಅದರೊಳಗೆ ರಕ್ತ ಹರಿಯುವ ಸಜೀವ ಮಾಂಸವಿದೆ. ಗೊರಸು ತಿಂಗಳಿಗೆ ಸುಮಾರು ಅರ್ಧ ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ತುದಿ ಉದ್ದವಾದರೆ ಮೈಭಾರವು ಹಿಂದಕ್ಕೆ ಸರಿದು ನಡಿಗೆ ಕೆಡುತ್ತದೆ. ಆದುದರಿಂದ ಜಾತ್ರೆಗೆ ಎರಡು-ಮೂರು ವಾರಗಳ ಮೊದಲೇ ಗೊರಸನ್ನು ಹದವಾಗಿ ಕೆತ್ತಿಸಿ, ಸೀಳಿನ ನಡುವಣ ಕಲ್ಲು-ಕೆಸರನ್ನು ತೆಗೆದು, ಲಾಳ ಕಟ್ಟಿಸಿ ನಡೆಸಿ ನೋಡಬೇಕು. ಕುಂದಿದ್ದರೆ ತಿದ್ದಿಕೊಳ್ಳಲು ಆಗ ಕಾಲಾವಕಾಶವಿರುತ್ತದೆ. ಕಾಲುಬಾಯಿ ಜ್ವರದ ಲಸಿಕೆಯೂ ಆ ವೇಳೆಗೆ ಆಗಿರಬೇಕು. ಅಂದಕ್ಕಾಗಿ ಕೊಂಬನ್ನು ಆಳವಾಗಿ ಹೆರೆಯುವುದೂ ತರವಲ್ಲ. ಅದರ ತಿರುಳು ಸಜೀವವಾದ ಮೂಳೆಯೇ.

ಎತ್ತನ್ನು ಬಸವಣ್ಣನೆಂದು ಕರೆದು ಕೈಮುಗಿಯುವ ಮನೆತನಗಳು ನಮ್ಮವು. ಕೈಮುಗಿಯುವ ಮುನ್ನ ಒಮ್ಮೆ ಬಾಗಿ ಅದರ ಕಾಲನ್ನು ನೋಡೋಣ. ಹಣೆಗೆ ಕಟ್ಟುವ ಗೊಂಡೆ ಆಮೇಲೆ ಇದ್ದೇ ಇದೆ.