ಹಳೆಯ ಮೈ, ಹೊಸ ಎಲುಬು

ಹಳೆಯದನ್ನು ಎಸೆಯಲಾರೆವು, ಹೊಸದನ್ನು ಬಿಡಲಾರೆವು. ಹೆಂಗಸರ ಈ ಗುಣವನ್ನು ಮನೆಯ ಗಂಡಸರು ಎಷ್ಟೇ ಗೇಲಿ ಮಾಡಲಿ, ನಮ್ಮ ಸಂಸಾರಗಳು ನಡೆದು ಬಂದಿರುವುದೇ ಈ ಎರಡರ ನಡುವಿನ ರಾಜಿಯಿಂದ. ಅತ್ತೆಯ ಕಾಲದ ಹೊಲಿಗೆ ಯಂತ್ರಕ್ಕೆ ಮೋಟಾರು ಕೂರಿಸಿಕೊಂಡಿದ್ದೇವೆ. ಒರಳಿನ ಮುಂದೆ ಕೂತು ರುಬ್ಬಲು ಸೊಂಟ ಒಪ್ಪದೆ ಹೋದಾಗ ಕೊಯಮತ್ತೂರಿನ ಗ್ರೈಂಡರು ಅಡಿಗೆಮನೆಗೆ ಬಂತು. ಅದರೊಳಗೆ ಇರುವುದೂ ಕಲ್ಲೇ. ತಿರುಗಿಸುವ ಕೈ ಮಾತ್ರ ಕರೆಂಟಿನದು. ಅಮ್ಮನ ಧಾರೆ ಸೀರೆಯ ಒಡಲು ಹರಿದರೆ ಜರಿಯ ಅಂಚನ್ನು ಬಿಡಿಸಿ, ಹೊಸ ರೇಷ್ಮೆಗೆ ಹೊಲಿಸಿ, ಮಗಳಿಗೆ ಉಡಿಸುತ್ತೇವೆ. ಆ ಸೀರೆ ಹಳೆಯದೋ ಹೊಸದೋ ಎಂದು ಯಾರೂ ಪಂಚಾಯಿತಿ ಕೂರಿಸುವುದಿಲ್ಲ. ಆದರೆ ಅದೇ ಪ್ರಶ್ನೆ ಒಂದು ಕಾರಿನ ವಿಷಯದಲ್ಲಿ ಬಂದಾಗ ನನ್ನ ತವರುಮನೆಯಲ್ಲಿ ಎಂಟು ತಿಂಗಳು ಪಂಚಾಯಿತಿ ನಡೆಯಿತು.

ಆ ಕಾರು ನಮ್ಮ ಅಜ್ಜನದು. ಆಸ್ಟಿನ್ ಸೆವೆನ್, 1929ರ ಮಾಡೆಲ್. ಇಂಗ್ಲೆಂಡಿನ ಹರ್ಬರ್ಟ್ ಆಸ್ಟಿನ್, ಹದಿನೆಂಟು ವರ್ಷದ ಸ್ಟ್ಯಾನ್ಲಿ ಎಡ್ಜ್ ಎಂಬ ನಕ್ಷೆಗಾರ ಹುಡುಗನನ್ನು ತನ್ನ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ ಕೂರಿಸಿಕೊಂಡು ಇದರ ನಕ್ಷೆ ಬರೆಸಿದ. 1922ರಲ್ಲಿ ಕಾರು ಹೊರಬಂತು. ಕಾರೆಂದರೆ ಸಿರಿವಂತರ ಸೊತ್ತು ಎಂದಿದ್ದ ಕಾಲದಲ್ಲಿ ಸಾಧಾರಣ ಸಂಸಾರವೊಂದು ಕೊಳ್ಳಬಹುದಾದ ಕಾರು ಇದಾಯಿತು. 1939ರವರೆಗೆ ಸುಮಾರು 2,90,000 ತಯಾರಾದವು. ಅಗಲ ನಾಲ್ಕು ಅಡಿಗೂ ಕಡಿಮೆ. ಎಂಜಿನ್ 747 ಸಿಸಿಯದು; ಅದರ ಶಕ್ತಿ ಹತ್ತು ಕುದುರೆಗಳ ಆಸುಪಾಸು. ಕಾಲಿನ ಬ್ರೇಕು ಹಿಂದಿನ ಚಕ್ರಗಳಿಗೆ, ಕೈಯ ಬ್ರೇಕು ಮುಂದಿನ ಚಕ್ರಗಳಿಗೆ. ಘಟ್ಟದ ಇಳಿಜಾರಿನಲ್ಲಿ ಎರಡನ್ನೂ ಹಿಡಿದು, ಜೊತೆಗೆ ದೇವರನ್ನೂ ಹಿಡಿಯಬೇಕಿತ್ತು ಎಂದು ಅಪ್ಪ ನಗುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಊರಿಗೆ ಹೊರಟುನಿಂತ ಚಿಕ್ಕಮಗಳೂರು ಕಡೆಯ ಕಾಫಿ ಪ್ಲಾಂಟರ್ ಒಬ್ಬರಿಂದ ಅಜ್ಜ ಇದನ್ನು ಕೊಂಡರು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಹಳ್ಳಕ್ಕೆ ಕಲ್ಲಿನ ಮೋರಿ ಕಟ್ಟಿಸುವಾಗ ಈ ಕಾರಿನ ಅಗಲವನ್ನೇ ಅಳತೆ ಹಿಡಿದಿದ್ದರಂತೆ. ಇದಕ್ಕಿಂತ ದೊಡ್ಡ ಗಾಡಿ ನಮ್ಮ ವಂಶಕ್ಕೆ ಬಂದೀತೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. 1959ರಲ್ಲಿ ಅಮ್ಮ ಮದುವಣಗಿತ್ತಿಯಾಗಿ ಬಂದಿಳಿದದ್ದು ಈ ಕಾರಿನಿಂದ. 1971ರಲ್ಲಿ ಅದರ ಕ್ರ್ಯಾಂಕ್ ಶಾಫ್ಟ್ ತುಂಡಾಯಿತು. ಎರಡೇ ಬೇರಿಂಗುಗಳ ಮೇಲೆ ನಿಂತ ಆ ಶಾಫ್ಟು ಮುರಿಯುವುದು ಈ ಜಾತಿಯ ಕಾರುಗಳ ಹಳೆಯ ರೋಗವಂತೆ. ಬಿಡಿಭಾಗ ಸಿಗಲಿಲ್ಲ. ಕಾರನ್ನು ದನದ ಕೊಟ್ಟಿಗೆಯ ಪಕ್ಕದ ಮಾಡಿಗೆ ತಳ್ಳಿದರು. ನನ್ನ ನೆನಪಿನಲ್ಲಿರುವುದು ಓಡುವ ಕಾರಲ್ಲ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಕಾರು.

2021ರಲ್ಲಿ, ಬೆಂಗಳೂರಿನ ಕಾರ್ಖಾನೆಯ ಕೆಲಸ ಬಿಟ್ಟು ತೋಟಕ್ಕೆ ಮರಳಿದ ಅಣ್ಣನ ಮಗ ಆ ಮಾಡಿನ ಬಾಗಿಲು ತೆಗೆದ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ಹುಡುಗ. ಮೈಯ ತಗಡು ಅಲ್ಲಲ್ಲಿ ತೂತಾಗಿತ್ತು, ಕಾಲಡಿಯ ಹಲಗೆಗಳನ್ನು ಗೆದ್ದಲು ತಿಂದಿತ್ತು. ಕೆಟ್ಟದ್ದೆಂದರೆ ಚಾಸಿ. ಆಸ್ಟಿನ್ನಿನ ಚಾಸಿ ಇಂಗ್ಲಿಷಿನ ‘ಎ’ ಅಕ್ಷರದಂತೆ, ಮುಂದೆ ಕಿರಿದು ಹಿಂದೆ ಅಗಲ. ಐವತ್ತು ಮಳೆಗಾಲದ ತೇವ, ಕೊಟ್ಟಿಗೆಯಿಂದ ಹರಿದು ಬಂದ ಗಂಜಲ ಎರಡೂ ಸೇರಿ ಅದರ ಒಂದು ಕಾಲನ್ನು ಹಪ್ಪಳ ಮಾಡಿದ್ದವು.

ದಾರಿ ಮೂರಿದ್ದವು. ಒಂದು, ಇದ್ದ ಹಾಗೆಯೇ ಹಳೆಯ ಕಾರುಗಳ ಹವ್ಯಾಸಿಗಳಿಗೆ ಮಾರುವುದು. ಎರಡು, ಇಂಗ್ಲೆಂಡಿನಿಂದ ಬಿಡಿಭಾಗ ತರಿಸಿ 1929ರಲ್ಲಿ ಇದ್ದಂತೆಯೇ ಕಟ್ಟುವುದು. ಅಲ್ಲಿ ಆಸ್ಟಿನ್ ಸೆವೆನ್ನಿಗೆಂದೇ ಕ್ಲಬ್ಬುಗಳಿವೆ, ಬಿಡಿಭಾಗಗಳನ್ನು ಇಂದಿಗೂ ಹೊಸದಾಗಿ ಮಾಡುವವರಿದ್ದಾರೆ. ಆದರೆ ಬೆಲೆ, ಹಡಗಿನ ಬಾಡಿಗೆ, ಸುಂಕ ಎಲ್ಲ ಸೇರಿದರೆ ಎರಡು ವರ್ಷದ ಅಡಿಕೆ ಅದಕ್ಕೇ ಹೋಗುತ್ತಿತ್ತು. ಮೂರು, ಹಳೆಯ ಮೈಯನ್ನು ಉಳಿಸಿಕೊಂಡು ಒಳಗೆ ಹೊಸ ಚಾಸಿ, ಹೊಸ ಎಂಜಿನ್ ಇಡುವುದು. ಇದೇನೂ ಹೊಸ ಯೋಚನೆಯಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪೆನಿ 1932ರಲ್ಲಿ ಎಂಟು ಸಿಲಿಂಡರಿನ ವಿ-8 ಎಂಜಿನ್ ತಂದ ಮೇಲೆ ಅದನ್ನು ಹಳೆಯ ಕಾರುಗಳಿಗೆ ಕೂರಿಸಿ ‘ಹಾಟ್ ರಾಡ್’ ಎಂದು ಓಡಿಸುವ ಹುಚ್ಚು ಹುಡುಗರಲ್ಲಿ ಹಬ್ಬಿತ್ತು. ನಮ್ಮ ಅಂಬಾಸಿಡರನ್ನೇ ನೋಡಿ. ಮೈ 1950ರ ದಶಕದ ಮಾರಿಸ್ ಆಕ್ಸ್‌ಫರ್ಡಿನದು, ಎಂಜಿನ್ ಮಾತ್ರ 1990ರ ದಶಕಕ್ಕೆ ಜಪಾನಿನ ಇಸುಜುವಿನದಾಯಿತು. ನಾವೆಲ್ಲ ಅದರಲ್ಲಿ ಕೂತು ಮದುವೆ ಮುಂಜಿಗಳಿಗೆ ಹೋಗಿಬಂದವರೇ.

ಅಣ್ಣ ಮಾರೋಣ ಎಂದ. ಅವನದು ದುರಾಸೆಯಲ್ಲ. “ನಮ್ಮ ಕೈಯಲ್ಲಿ ಕೆಡುವುದಕ್ಕಿಂತ ಬಲ್ಲವರ ಕೈಯಲ್ಲಿ ಉಳಿಯಲಿ” ಎಂಬುದು ಅವನ ವಾದ. ಎಂಜಿನ್ ಬದಲಿಸಿದ ಕಾರನ್ನು ಅಜ್ಜನ ಕಾರು ಎಂದು ತೋರಿಸುವುದು ಸುಳ್ಳು ಸರ್ಟಿಫಿಕೇಟು ಕೊಟ್ಟಂತೆ ಎಂದೂ ಹೇಳಿದ. ಸರ್ಕಾರವೂ ಅವನ ಕಡೆಗೇ ಇತ್ತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂಥದ್ದಕ್ಕೆ 20,000 ರೂಪಾಯಿ ಶುಲ್ಕ ಕಟ್ಟಿದರೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರು. ಒಳಗಿನದ್ದನ್ನು ಬದಲಿಸಿದಿರೋ, ಆ ಗೌರವ ಇಲ್ಲ. ಅಷ್ಟೇ ಅಲ್ಲ, 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ಕಂಪೆನಿ ಮಾಡಿದ್ದನ್ನು ಮನಸ್ಸಿಗೆ ಬಂದಂತೆ ಬದಲಿಸಿ ರಸ್ತೆಗೆ ಇಳಿಸುವಂತೆಯೂ ಇಲ್ಲ.

ಇದನ್ನು ಕೇಳುವಾಗ ನನಗೆ ತರಗತಿಯಲ್ಲಿ ಮಕ್ಕಳಿಗೆ ಹೇಳುವ ಮಿಲಿಂದ ಮತ್ತು ನಾಗಸೇನನ ಕಥೆ ನೆನಪಾಯಿತು. ರಥದಲ್ಲಿ ಬಂದೆ ಎಂದ ಗ್ರೀಕ್ ರಾಜನನ್ನು ಬೌದ್ಧ ಭಿಕ್ಷು ಕೇಳುತ್ತಾನೆ: ಚಕ್ರ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ. ಎಲ್ಲ ಸೇರಿ ನಿಂತಾಗ ನಾವು ಕರೆಯುವ ಹೆಸರು ರಥ. ಆರ್‌ಟಿಓ ಕಚೇರಿಗೆ ಈ ತೊಡಕಿಲ್ಲ. ಅದಕ್ಕೆ ಆತ್ಮವೆಂದರೆ ಚಾಸಿ ನಂಬರು.

ಇನ್ನು ಹುಡುಗನ ವಾದ. ಅದು ಕಾರಿನದ್ದಲ್ಲ, ಅವನ ಅಜ್ಜಿಯದು. ಅಮ್ಮನಿಗೆ 2018ರಲ್ಲಿ ಎರಡೂ ಮೊಳಕಾಲು ಬದಲಿಸಿದ್ದರು. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಾರೆ. ಆದರೆ ತೋಟದಾಚೆಯ ಚೌಡಿ ಬನಕ್ಕೆ ಇಳಿದು ಹತ್ತುವುದು ಆಗದು. ಜೀಪಿಗೆ ಕಾಲೆತ್ತಿ ಹತ್ತಲಾರರು. ನಮ್ಮ ಕಾರುಗಳು ಅಜ್ಜನ ಮೋರಿಯ ಮೇಲೆ ಹಿಡಿಸುವುದಿಲ್ಲ; ಹಳ್ಳದ ಮೋರಿ ಅಗಲ ಮಾಡಬೇಕೆಂಬ ಮಾತು ಪ್ರತಿ ಬೇಸಗೆ ಎದ್ದು ಮಳೆಗಾಲಕ್ಕೆ ಮಲಗುತ್ತಿತ್ತು. ಅಪ್ಪ ಹೋದ ಮೇಲೆ ಅಮ್ಮ ವಾರಕ್ಕೊಮ್ಮೆ ಹೋಗಿ ದೀಪವಿಟ್ಟು ಬರುತ್ತಿದ್ದ ಜಾಗ ಅದು. ಮೂರು ವರ್ಷದಿಂದ ಅವರು ಜಗಲಿಯಲ್ಲಿ ಕೂತು ಆ ದಿಕ್ಕಿಗೆ ಕೈಮುಗಿಯುತ್ತಿದ್ದರು. “ಅತ್ತೆ, ನೀವೇ ಹೇಳಿ, ಆ ಮೋರಿ ದಾಟುವ ಕಾರು ಒಂದೇ ಅಲ್ವಾ? ರಸ್ತೆಗೆ ಯಾರು ತರ್ತಾರೆ, ತೋಟದೊಳಗೇ ಓಡಿಸೋದು” ಎಂದ ಹುಡುಗ.

ಪಂಚಾಯಿತಿ ಮುಗಿಸಿದ್ದು ಅಮ್ಮ. ಅಲ್ಲಿಯವರೆಗೆ ಅಡಿಕೆ ಆರಿಸುತ್ತ ಸುಮ್ಮನಿದ್ದವರು ತಲೆಯೆತ್ತದೆ, “ನನ್ನ ಕಾಲಲ್ಲೂ ಕಬ್ಬಿಣ ಹಾಕ್ಸಿದ್ದೀರಿ. ಹಾಗಂತ ನಾನು ಬೇರೆ ಯಾರೋ ಆದ್ನಾ?” ಎಂದರು.

ಅಣ್ಣ ಬಿಡಲಿಲ್ಲ. “ನಿನ್ನನ್ನೇನು ಮಾರೋದಿಲ್ವಲ್ಲ ಅಮ್ಮ. ನಾಳೆ ಇದನ್ನ ಯಾರೋ ಅಸಲಿ ಅಂತ ನಂಬಿ ದುಡ್ಡು ಕೊಟ್ರೆ?”

“ಅದೂ ಹೌದು” ಎಂದರು ಅಮ್ಮ. “ಏನು ತೆಗೆದ್ರಿ, ಏನು ಹಾಕಿದ್ರಿ, ಎಲ್ಲಾ ಬರೆದಿಡಿ. ಮೋಸ ಇರಬಾರದು.” ಬರೆಯುವ ಕೆಲಸ ಮೇಷ್ಟ್ರು ಮಗಳ ಪಾಲಿಗೆ ಬಂತು. ಅಣ್ಣ ಒಂದು ಷರತ್ತು ಸೇರಿಸಿದ: ಹಳೆಯ ಯಾವ ಭಾಗವನ್ನೂ ಕತ್ತರಿಸಬಾರದು, ಬೆಸುಗೆ ಹಾಕಬಾರದು, ಗುಜರಿಗೆ ಕೊಡಬಾರದು. ಮುಂದೆ ಯಾರಿಗಾದರೂ ಮೊದಲಿನಂತೆ ಕಟ್ಟುವ ಶಕ್ತಿ ಬಂದರೆ ಹೊಸದನ್ನು ಬಿಚ್ಚಿಟ್ಟು ಹಳೆಯದನ್ನು ಕೂರಿಸುವಂತಿರಬೇಕು. ಆಸ್ಟಿನ್ನಿನ ಮೈ ಚಾಸಿಗೆ ಬೋಲ್ಟುಗಳಿಂದ ಕೂತಿರುವುದರಿಂದ ಇದು ಸಾಧ್ಯವಿತ್ತು.

ಕೆಲಸ ಹದಿನಾಲ್ಕು ತಿಂಗಳು ಹಿಡಿಯಿತು. ಗುಜರಿಗೆ ಹೊರಟಿದ್ದ 2009ರ ಮಾರುತಿ ಓಮ್ನಿಯೊಂದನ್ನು ಹುಡುಗ ತಂದ. ಕಾರಣ ಕೇಳಿದೆ. ಮಾರುತಿ 800ರಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಓಮ್ನಿಯಲ್ಲಿ ಹಿಂದಿನವನ್ನು, ಆಸ್ಟಿನ್ನಿನ ಹಾಗೆಯೇ. ಎಂಜಿನ್ 796 ಸಿಸಿ. ಅಜ್ಜನ ಎಂಜಿನ್ನಿಗಿಂತ 49 ಸಿಸಿ ಮಾತ್ರ ಹೆಚ್ಚು. ಆದರೆ ಶಕ್ತಿ ಮೂರು ಪಟ್ಟು. ಅಷ್ಟೇ ಅಳತೆಯ ಪಾತ್ರೆಯಲ್ಲಿ ಮೂರು ಪಟ್ಟು ಅನ್ನ ಬೆಂದಂತೆ! ಅಷ್ಟು ಶಕ್ತಿಯ ಎಂಜಿನ್ನನ್ನು ಆ ಎಲುಬಿಗೆ ಕಟ್ಟಬಾರದು, ಆ ಬ್ರೇಕುಗಳನ್ನಂತೂ ನಂಬಲೇಬಾರದು. ಆದ್ದರಿಂದಲೇ ಚಾಸಿಯೂ ಹೊಸದಾಗಬೇಕು ಎಂದು ವಿವರಿಸಿದ. ಓಮ್ನಿಯಲ್ಲಿ ಬಿಚ್ಚಿಕೊಳ್ಳುವಂಥ ಪ್ರತ್ಯೇಕ ಚಾಸಿ ಇರುವುದಿಲ್ಲ, ಮೈಯೇ ಎಲುಬು. ಹಾಗಾಗಿ ಚೌಕ ಕೊಳವೆಯ ಉಕ್ಕಿನಲ್ಲಿ ಏಣಿಯಂಥ ಚೌಕಟ್ಟನ್ನು ಅವನೇ ಅಳೆದು, ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ. ಓಮ್ನಿಯ ಆಕ್ಸಲ್ಲು ಅಗಲವಾಗಿ ಚಕ್ರಗಳು ಮಡ್ಗಾರ್ಡಿನಿಂದ ಹೊರಗೆ ಚಾಚಿದವು. ಮೋರಿಯ ಅಳತೆಗೂ ಮೀರಿದವು. ಹಿಂದಿನ ಆಕ್ಸಲ್ಲನ್ನು ಲೇತಿಗೆ ಕೊಟ್ಟು ಕಿರಿದು ಮಾಡಿಸಿ, ಮುಂದಿನ ಚಕ್ರಗಳನ್ನು ಒಳಗೆ ತಂದು ಕೂರಿಸುವುದರಲ್ಲೇ ಒಂದು ಮಳೆಗಾಲ ಹೋಯಿತು. ಆಮೇಲೆ ಬಾನೆಟ್ ಮುಚ್ಚಲಿಲ್ಲ. ಗಾಳಿ ಸೋಸುವ ಡಬ್ಬಿಯನ್ನು ಬದಿಗೆ ಸರಿಸಬೇಕಾಯಿತು. ಒಂದನ್ನು ಹೊಸದು ಮಾಡಿದರೆ ಅದರ ಪಕ್ಕದ್ದು ತನ್ನನ್ನೂ ನೋಡು ಎನ್ನುತ್ತದೆ. ಅಡಿಗೆಮನೆಗೆ ಟೈಲ್ಸ್ ಹಾಕಿಸಿದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಬ್ರಿಟನ್ನಿನಲ್ಲಿ ಹೀಗೆ ಕಟ್ಟಿದ ಕಾರುಗಳಿಗೆ ಅಂಕ ಕೊಡುವ ಪದ್ಧತಿ ಬಹಳ ವರ್ಷ ಇತ್ತು ಎಂದು ಹುಡುಗ ಹೇಳಿದಾಗ ನನ್ನ ಕಿವಿ ನಿಮಿರಿತು. ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರು, ಸ್ಟಿಯರಿಂಗ್ ಇವಕ್ಕೆ ಎರಡೆರಡು, ಎಂಜಿನ್ನಿಗೆ ಕೇವಲ 1. ಒಟ್ಟು 14ರಲ್ಲಿ 8 ಬಂದರೆ ಹಳೆಯ ನಂಬರು ಉಳಿಯುತ್ತಿತ್ತು. ಮೂವತ್ತು ವರ್ಷ ಪೇಪರು ತಿದ್ದಿದ ಕೈ ಸುಮ್ಮನಿದ್ದೀತೇ? ನಮ್ಮ ಕಾರಿನ ಪೇಪರು ತಿದ್ದಿದೆ. ಸೊನ್ನೆ! ಸ್ಟಿಯರಿಂಗಿನ ಚಕ್ರ ಹಳೆಯದಾದರೂ ಅದರ ಕೆಳಗಿನದೆಲ್ಲ ಓಮ್ನಿಯದು. ಕಣ್ಣಿಗೆ ಕಾಣುವ ಬಾನೆಟ್ಟು, ಬಾಗಿಲು, ದೀಪ, ಒತ್ತಿದರೆ ಬಾತುಕೋಳಿಯಂತೆ ಕೂಗುವ ರಬ್ಬರಿನ ಹಾರ್ನು, ಇವಕ್ಕೆ ಅಂಕವೇ ಇಲ್ಲ. ನಾವು ಯಾವುದನ್ನು ಅಜ್ಜನ ಕಾರು ಎಂದು ಪ್ರೀತಿಸುತ್ತಿದ್ದೆವೋ ಅದು ಪರೀಕ್ಷೆಯ ಪಠ್ಯದಲ್ಲೇ ಇರಲಿಲ್ಲ. ಆ ಪರೀಕ್ಷೆ ತಪ್ಪೆಂದು ನಾನು ಹೇಳಲಾರೆ. ಧರ್ಮಸ್ಥಳಕ್ಕೆ ಶಾಲೆಯ ಮಕ್ಕಳನ್ನು ಪ್ರವಾಸ ಕರೆದೊಯ್ದಾಗ ಅಲ್ಲಿನ ಸಂಗ್ರಹದ ಹಳೆಯ ಕಾರುಗಳನ್ನು ಕಣ್ತುಂಬ ನೋಡಿದ್ದೇನೆ. ಅವು ಹೇಗಿದ್ದವೋ ಹಾಗೆಯೇ ಉಳಿಯಬೇಕು. ಇಲ್ಲದಿದ್ದರೆ ಹಿಂದಿನವರ ಕೈಕೆಲಸ ಮುಂದಿನವರಿಗೆ ಕಾಣುವುದೆಲ್ಲಿ? ಆದರೆ ಎಲ್ಲ ಹಳೆಯದಕ್ಕೂ ಮ್ಯೂಸಿಯಮ್ಮಿನ ಭಾಗ್ಯವಿಲ್ಲ. ಬಹಳಷ್ಟಕ್ಕೆ ಇರುವ ದಾರಿ ಎರಡೇ, ಕೆಲಸಕ್ಕೆ ಬರುವುದು ಇಲ್ಲವೇ ಕೋಳಿಗೂಡಾಗುವುದು. ಕೆಲಸಕ್ಕೆ ಬರಲಿ. ಒಳಗೆ ಹೊಸದಿದೆ ಎಂದು ಬಾಯಿಬಿಟ್ಟು ಹೇಳಿದರಾಯಿತು.

2023ರ ದೀಪಾವಳಿಯ ಮಾರನೆಯ ದಿನ ಅಮ್ಮನನ್ನು ಕೂರಿಸಿಕೊಂಡು ಹೊರಟೆವು. ಕುರ್ಚಿಗೆ ಕೂರುವಷ್ಟೇ ಸಲೀಸಾಗಿ ಕೂತರು. ಅಣ್ಣ ಮೋರಿಯ ಬಳಿ ಮೊದಲೇ ಹೋಗಿ ನಿಂತು ಎರಡೂ ಬದಿಯ ಚಕ್ರ ನೋಡುತ್ತ ಕೈಸನ್ನೆ ಮಾಡಿದ. ನಾಲ್ಕು ಬೆರಳು ಜಾಗ ಉಳಿದಿತ್ತು. ಬನದಲ್ಲಿ ಅಮ್ಮ ತಾವೇ ಬತ್ತಿ ಹೊಸೆದು ದೀಪ ಹಚ್ಚಿದರು. ಎಷ್ಟು ಹೊತ್ತು ನಿಂತಿದ್ದರೆಂದು ನಾವು ಗಡಿಯಾರ ನೋಡಲಿಲ್ಲ.

ವಾಪಸು ಬರುವಾಗ ಹುಡುಗ, “ಹೇಗಿದೆ ಅಜ್ಜಿ?” ಎಂದ. “ಚೆನ್ನಾಗಿದೆ ಮಗಾ, ಒಂದು ಚೂರೂ ಕುಲುಕಲಿಲ್ಲ” ಎಂದರು. ಸ್ವಲ್ಪ ತಡೆದು, “ಸದ್ದು ಮಾತ್ರ ಅದಲ್ಲ” ಎಂದರು. ಹಿಂದೆಲ್ಲ ಕಾರು ದೂರದ ತಿರುವಿಗೆ ಬಂದಾಗಲೇ ಅವರಿಗೆ ಕೇಳುತ್ತಿತ್ತಂತೆ. ಅಪ್ಪ ಪೇಟೆಯಿಂದ ಬಂದರೆಂದು ಕಾಫಿಗೆ ನೀರಿಡುತ್ತಿದ್ದರಂತೆ. ಅದು ಅಂಗಳಕ್ಕೆ ಬರುವಷ್ಟರಲ್ಲಿ ನೀರು ಕುದಿಯುತ್ತಿತ್ತಂತೆ. ಹುಡುಗನ ಮುಖ ಸಣ್ಣದಾಯಿತು. ಅಮ್ಮ ಅವನ ತೋಳು ತಟ್ಟಿ, “ಇರಲಿ ಬಿಡು, ಮುಂದಿನ ಮಂಗಳವಾರವೂ ಬರೋಣ” ಎಂದರು.

ಹಳೆಯ ಚಾಸಿ ಈಗ ಮಾಡಿನ ಗೋಡೆಯಲ್ಲಿ ನಂಬರು ಕಾಣುವಂತೆ ತೂಗಾಡುತ್ತಿದೆ. ಹಳೆಯ ಎಂಜಿನ್ನಿಗೆ ಎಣ್ಣೆ ಸವರಿ ಹಲಗೆಯ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ನಾನು ಬರೆದ ಪುಸ್ತಕ ಕಾರಿನ ಸೀಟಿನ ಕೆಳಗಿದೆ. ಅದರಲ್ಲಿ ‘ಹಳೆಯದು’, ‘ಹೊಸದು’ ಎಂದು ಎರಡು ಕಾಲಂ ಮಾತ್ರ ಎಳೆದಿದ್ದೆ. ಆ ಸಂಜೆ ಸ್ಕೇಲು ಹಿಡಿದು ಮೂರನೆಯದನ್ನು ಎಳೆದೆ. ‘ಹೋದದ್ದು’ ಎಂದು ತಲೆಬರಹ ಕೊಟ್ಟು, ಕೆಳಗೆ ‘ಸದ್ದು’ ಎಂದು ಬರೆದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿ, ಸರಿಯಾಗಿದೆ ಎಂದು ಪುಸ್ತಕ ಮುಚ್ಚಿಕೊಟ್ಟರು.