ಹನ್ನೊಂದರ ದೋಸೆ

ಬೆಂಗ್ಳೂರಾಗಿರೋ ಮಗಳು ಫೋನ್ ಮಾಡಿದಾಗೆಲ್ಲ 'ಬ್ರಂಚ್‌ಗೆ ಹೋಗಿದ್ವಮ್ಮ' ಅಂತಾಳೆ. ತಿಂಡಿಗೆ ತಡ, ಊಟಕ್ಕೆ ಬೇಗ ಅನ್ನೋ ಹೊತ್ತಿಗೆ ಹೊಟ್ಟೆ ತುಂಬ ತಿನ್ನೋದಂತೆ. ಅಷ್ಟೇ ಆಗಿದ್ರೆ ದಾವಣಗೆರೆಯೋರಿಗೆ ಯಾರೂ ಕಲಿಸ್ಬೇಕಾಗಿಲ್ಲ ಬಿಡ್ರಿ. ಭಾನುವಾರ ಹನ್ನೊಂದಕ್ಕೆ ಬೆಣ್ಣೆದೋಸೆ ಹೋಟ್ಲಿಗೆ ಹೋಗಿ ನೋಡ್ರಿ, ಕೂತು ತಿನ್ನೋರ ಬೆನ್ನಿಗೇ ಜಾಗ ಕಾಯೋರು ನಿಂತಿರ್ತಾರೆ.

ಈ ದೋಸೆ ಶುರು ಮಾಡಿದ್ದೂ ಒಬ್ಬ ಹೆಣ್ಮಗಳೇ ಅಂತ ನಮ್ಮೂರಾಗೆ ಹೇಳ್ತಾರೆ. 1928ರ ಹೊತ್ತಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನೋರು ಮಕ್ಕಳನ್ನ ಕಟ್ಟಿಕೊಂಡು ಬಂದು, ನಾಟಕದ ಥಿಯೇಟರ್ ಹತ್ರ ರಾಗಿ ದೋಸೆ ಹಾಕ್ತಿದ್ರಂತೆ. ಹತ್ತು ವರ್ಷದ ಮ್ಯಾಲೆ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ಬೆಣ್ಣೆ ಹಾಕಾಕೆ ಹತ್ತಿದ್ರಂತೆ. ಮಂಡಕ್ಕಿ ಭಟ್ಟಿ ಇರೋ ಊರು ನಮ್ದು, ಹಿಟ್ಟಿಗೂ ಮಂಡಕ್ಕಿ ಬಿತ್ತು. ಸೌದೆ ಒಲೆ, ದಪ್ಪನೆ ಕಾವಲಿ, ಮ್ಯಾಲೆ ಬಿಳೇ ಬೆಣ್ಣೆ. ಪಲ್ಯನೂ ಬೆಳ್ಳಗೆ, ಬರೀ ಆಲೂಗಡ್ಡೆ ಉಪ್ಪು. ಖಾರ ಎಲ್ಲ ಕಾಯಿ ಚಟ್ನಿದು.

ನಮ್ಮತ್ತಿಗೆ ಎಪ್ಪತ್ತೆಂಟು. ಹರಿಹರದಾಗೆ ನಮ್ಮ ಮೈದುನನ ಮನೇಲಿ ಇರ್ತಾರೆ. ಮಾವ ಅಲ್ಲೇ ಕಿರ್ಲೋಸ್ಕರ್ ಫ್ಯಾಕ್ಟ್ರಿಯಲ್ಲಿದ್ರು. ಸಂಬಳದ ದಿನ ದಾವಣಗೆರೆಗೆ ಬಂದು ದೋಸೆ ಕಟ್ಟಿಸಿಕೊಂಡು ಬಸ್ಸಿಗೆ ಬರ್ತಿದ್ರಂತೆ. ಹದಿನಾಲ್ಕು ಕಿಲೋಮೀಟ್ರು ಬರೋದ್ರಾಗೆ ಗರಿಗರಿ ದೋಸೆ ಒದ್ದೆ ಬಟ್ಟೆ ಆಗಿರ್ತಿತ್ತು. ಅದನ್ನ ಐದು ಮಕ್ಕಳಿಗೆ ಹರಿದು ಕೊಟ್ಟು ಉಳಿದ ಅಂಚು ಅತ್ತಿ ತಿಂತಿದ್ರು. ಮಾವ ಹೋದ ಮ್ಯಾಲೆ ಊಟನೇ ಬ್ಯಾಡ ಅನ್ನಾಕೆ ಹತ್ತಿದ್ರು. ಎರಡು ಚಮಚ ಗಂಜಿ ಕುಡಿದು ಸಾಕು ಅಂತ ತಟ್ಟೆ ಸರಿಸೋರು. ಬಳೆ ಮೊಣಕೈ ತನಕ ಜಾರ್ತಿದ್ವು.

ಹೋದ ತಿಂಗಳು ನೋಡಾಕೆ ಹೋದಾಗ, 'ಬಾಯಿಗೆ ಏನು ಬೇಕು ಹೇಳ್ರಿ ಅತ್ತಿ' ಅಂದೆ. ಸುಮಾರು ಹೊತ್ತು ಸುಮ್ನಿದ್ದು, 'ಆ ದೋಸೆ ಬಿಸೀದು ಹೆಂಗಿರತೈತವ್ವಾ' ಅಂದ್ರು. ನಂಗೆ ಗಂಟಲು ಕಟ್ಟಿತು.

ನಮ್ಮನೆಯವ್ರು ಒಪ್ಪಲಿಲ್ಲ. 'ಡಾಕ್ಟ್ರು ಎಣ್ಣೆ ಬೆಣ್ಣೆ ಕಮ್ಮಿ ಮಾಡ್ರಿ ಅಂದಾರೆ, ಅವ್ವಂಗೆ ಹೆಚ್ಚುಕಮ್ಮಿ ಆದ್ರೆ?' ಅಂದ್ರು. ಅವ್ರ ಹೆದರಿಕೆ ಸುಳ್ಳಲ್ಲ. ಆದ್ರೆ ಏನೂ ತಿನ್ನದೆ ಸೊರಗ್ತಿರೋರಿಗೆ ಬರೀ ಪಥ್ಯ ಹೇಳಿ ಏನು ಮಾಡಾಣ? ಡಾಕ್ಟ್ರಿಗೇ ಫೋನ್ ಮಾಡಿ ಕೇಳಿದೆ. 'ಅಪರೂಪಕ್ಕೆ ಒಂದು ತಿಂದ್ರೆ ಪರವಾಗಿಲ್ಲಮ್ಮ, ಮೊದಲು ತಿನ್ನಲಿ' ಅಂದ್ರು.

ಭಾನುವಾರ ಬೆಳಿಗ್ಗೆ ಹರಿಹರದಿಂದ ಹೊರಟ್ವಿ. ಹರಿಹರೇಶ್ವರನಿಗೆ ಕೈ ಮುಗಿದೇ ಬರೋದು ಅಂತ ಅತ್ತಿ ಹಟ. 1224ರ ಹೊಯ್ಸಳರ ಕಾಲದ ಗುಡಿ ಅದು, ಒಂದೇ ಮೂರ್ತಿಯಾಗೆ ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ದಾವಣಗೆರೆ ಮುಟ್ಟೋದ್ರಾಗೆ ಹನ್ನೊಂದು ಆಗೇಬಿಟ್ಟಿತ್ತು.

ಹೋಟ್ಲಿನಾಗೆ ಅತ್ತಿ ಸೆರಗು ಹೊದ್ದು ಬೆಂಚಿನ ತುದಿಗೆ ಕೂತ್ರು, ಯಾರಾದ್ರೂ ಏಳ್ರಿ ಅಂತಾರೇನೋ ಅನ್ನೋಹಂಗೆ. ಒಲೆಯಿಂದ ಇಳಿದಿದ್ದೇ ದೋಸೆ ಬಂತು, ಬೆಣ್ಣೆ ಇನ್ನೂ ಕರಗ್ತಿತ್ತು. ನಮ್ಮನೆಯವ್ರು ಚಮಚದಲ್ಲಿ ಬೆಣ್ಣೆ ಎತ್ತಾಕೆ ಹೋದ್ರು. ಅತ್ತಿ ಅವ್ರ ಕೈ ಹಿಡಿದು, 'ನಮ್ಮೂರ ದೇವ್ರೇ ಅರ್ಧ ಅರ್ಧ ಅದಾನೆ. ಅರ್ಧ ತಗಿ, ಅರ್ಧ ನಂಗಿರ್ಲಿ' ಅಂದ್ರು. ಪಕ್ಕದ ಟೇಬಲ್ಲಿನೋರೂ ನಕ್ರು. ಮಾವ ಹೋದ ಮ್ಯಾಲೆ ಅವ್ರ ಬಾಯಲ್ಲಿ ನಾವು ಕೇಳಿದ ಮೊದಲ ತಮಾಷೆ ಅದು.

ಒಂದು ತುತ್ತು ಚಟ್ನಿಗೆ ಅದ್ದಿ ಬಾಯಿಗಿಟ್ಟು ಕಣ್ಮುಚ್ಚಿದ್ರು. 'ಕರುಮ್ ಅಂತೈತಿ' ಅಂದ್ರು. ಆಮ್ಯಾಲೆ, 'ಅವ್ರು ಹೋಟ್ಲಾಗೆ ಒಬ್ರೇ ತಿಂದಾರು ಅಂದ್ಕೊಂಡಿದ್ದೆ. ಅವ್ರೂ ನಮ್ ಜೊತಿಗೆ ತಣ್ಣಂದೇ ತಿಂತಿದ್ರು' ಅಂದ್ರು. ಕಣ್ಣೀರು ತಟ್ಟೆಗೆ ಬಿದ್ರೂ ಒರೆಸಿಕೊಳ್ಳಲಿಲ್ಲ, ತಿನ್ನೋದು ನಿಲ್ಲಿಸ್ಲೂ ಇಲ್ಲ. ಮುಕ್ಕಾಲು ದೋಸೆ ತಿಂದ್ರು.

ಅವತ್ತಿಂದ ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ಗಂಜಿಯ ಜೊತಿಗೆ ಮಧ್ಯಾಹ್ನ ಒಂದು ಹಿಡಿ ಅನ್ನ ಸೇರೈತಿ, ಅಷ್ಟೇ. ಈಗ ಹದಿನೈದು ದಿನ ನಮ್ಮನೇಲಿ ಅದಾರೆ. ಮೂರು ಲೋಟ ಅಕ್ಕಿಗೆ ಮುಕ್ಕಾಲು ಲೋಟ ಉದ್ದು, ಎರಡು ಹಿಡಿ ಮಂಡಕ್ಕಿ ನೆನೆಸಿ ನಾನೇ ರುಬ್ತೀನಿ. ಹೋಟ್ಲಿನ ಸೌದೆ ಒಲೆ ರುಚಿ ಗ್ಯಾಸಿನ ಮ್ಯಾಲೆ ಬರಲ್ಲ, ನಿಜ. ಆದ್ರೆ ಬಿಸಿ ಬಿಸಿ ಅಂತೂ ಇರತೈತಿ. ದೋಸೆ ಹಾಕೋಳಿಗೆ ಯಾವತ್ತೂ ಕೊನೇದು, ಆರಿದ್ದು ಅನ್ನೋದು ಎಲ್ಲಾ ಮನೆ ಪದ್ಧತಿ ಅಲ್ವೇನ್ರಿ? ನಮ್ಮನೇಲಿ ಅದನ್ನ ತಿರುಗಿಸೀವಿ. ಮೊದಲನೇದು ಅತ್ತಿಗೆ, ಎರಡನೇದು ನಂಗೆ. ಉಳಿದೋರು ತಟ್ಟೆ ಹಿಡ್ಕೊಂಡು ಕಾಯ್ತಾರೆ.