ಸೂರ್ಯನ ಜಮಾಖರ್ಚು

ಧಾರಾಳವಾಗಿ ದೊರೆಯುವ ವಸ್ತುವಿಗೆ ಲೆಕ್ಕ ಇಡುವವರು ಕಡಮೆ. ಬಿಸಿಲು ನಮಗೆ ಅಂಥ ವಸ್ತು. ಹಪ್ಪಳ ಒಣಗಿಸುವ ಎರಡು ದಿನ ಅದನ್ನು ಹೊಗಳುತ್ತೇವೆ. ಉಳಿದ ಬೇಸಗೆಯೆಲ್ಲ ಬೈಯುತ್ತೇವೆ. ಬಿಸಿಲನ್ನು ಕಾಸುಕಾಸಾಗಿ ಎಣಿಸಿ ಪುಸ್ತಕಕ್ಕೆ ಏರಿಸುವವರನ್ನು ಕಾಣಬೇಕಾದರೆ ಅದು ಅಪರೂಪವಾದ ನಾಡಿಗೇ ಹೋಗಬೇಕು.

ಡೆನ್ಮಾರ್ಕ್ ಅಂಥ ನಾಡು. ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನ ಹಗಲು ಏಳು ಗಂಟೆಯದು. ಅದರಲ್ಲಿಯೂ ಸೂರ್ಯ ಮೋಡದ ಮರೆಯಲ್ಲಿ, ರಜಾ ಹಾಕಿದ ಗುಮಾಸ್ತನಂತೆ, ಮುಖ ತೋರಿಸದೆಯೇ ದಿನ ಮುಗಿಸುತ್ತಾನೆ. ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸುಮಾರು ಮೂರು ಸಾವಿರದ ನಾನೂರು ವರ್ಷ ಹಳೆಯ ಕಂಚಿನ ಸೂರ್ಯರಥವೊಂದಿದೆ. ೧೯೦೨ರಲ್ಲಿ ಟ್ರುಂಡ್‌ಹೋಲ್ಮ್ ಎಂಬ ಜೌಗು ನೆಲವನ್ನು ಉಳುವಾಗ ಸಿಕ್ಕಿದ್ದು. ನಮ್ಮ ಸೂರ್ಯನಿಗೆ ಏಳು ಕುದುರೆ. ಅವರ ಸೂರ್ಯನಿಗೆ ಒಂದೇ. ಬಿಂಬಕ್ಕೆ ಹೊನ್ನನ್ನೂ ಒಂದೇ ಬದಿಗೆ ಹೊದಿಸಿದ್ದಾರೆ. ಹೊನ್ನಿಲ್ಲದ ಬದಿ ರಾತ್ರಿಯೆಂದು ವಿದ್ವಾಂಸರು ಹೇಳುತ್ತಾರೆ. ಅಲ್ಲಿಯ ಚಳಿಗಾಲವೆಂದರೂ ನಡೆದೀತು.

ಇಂಥ ನಾಡಿಗೆ ಬಿಸಿಲಿನ ಲೆಕ್ಕ ಕಲಿಸಿದವಳು ಅಭಾವವೆಂಬ ಗುರು. ೧೯೭೩ರಲ್ಲಿ ಎಣ್ಣೆಯ ಬಿಕ್ಕಟ್ಟು ಬಂದಾಗ ಅವರ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಎಣ್ಣೆಯಿಂದಲೇ ಬರುತ್ತಿತ್ತು. ಭಾನುವಾರ ಕಾರು ಓಡಿಸಕೂಡದೆಂದು ಸರಕಾರ ಅಪ್ಪಣೆ ಮಾಡಿತು. ಅಂದು ಬರಿದಾದ ಹೆದ್ದಾರಿಯ ನೆನಪು ಗಾಳಿಯಂತ್ರಗಳಿಗೆ ದಾರಿ ಮಾಡಿತು. ಬಿಸಿಲಿನ ಸರದಿ ಆಮೇಲೆ ಬಂದಿತು.

ಬಿಸಿಲಿಗೆ ಅವರು ಕೊಟ್ಟ ಪ್ರೋತ್ಸಾಹ ಬಲು ಸರಳ. ಮಾಡಿನ ಮೇಲೆ ಆರು ಕಿಲೋವಾಟಿನವರೆಗೆ ಫಲಕ ಹಾಕಿಸಿದ ಗೃಹಸ್ಥ ಬೇಸಗೆಯ ಹೆಚ್ಚಿನ ವಿದ್ಯುತ್ತನ್ನು ತಂತಿಗೆ ಬಿಡಬೇಕು. ಚಳಿಗಾಲದಲ್ಲಿ ಅಷ್ಟನ್ನೇ ಹಿಂದಕ್ಕೆ ಪಡೆಯಬೇಕು. ವರ್ಷಕ್ಕೊಮ್ಮೆ ಲೆಕ್ಕ. ಬ್ಯಾಂಕಿನಲ್ಲಿ ಹಣವಿಟ್ಟ ಹಾಗೆ. ಆದರೆ ತಂತಿ ಬ್ಯಾಂಕಲ್ಲ. ಜೂನ್ ತಿಂಗಳ ವಿದ್ಯುತ್ತು ಅಲ್ಲಿ ಡಿಸೆಂಬರಿನ ತನಕ ಕೂತಿರುವುದಿಲ್ಲ. ಉಳಿಯುವುದು ಪುಸ್ತಕದಲ್ಲಿ ಬರೆದ ಅಂಕಿ ಮಾತ್ರ. ಆಗ ಅಲ್ಲಿಯ ಗೃಹಸ್ಥನ ಬಿಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ತೆರಿಗೆಯೇ ಇತ್ತು. ಹಿಂದಕ್ಕೆ ಪಡೆದ ವಿದ್ಯುತ್ತಿಗೆ ಆ ತೆರಿಗೆಯಿರಲಿಲ್ಲ. ನಿಜವಾದ ಸಹಾಯಧನ ಅದೇ. ಆಯವ್ಯಯ ಪತ್ರದಲ್ಲಿ ಅದಕ್ಕೆ ಸಹಾಯಧನವೆಂಬ ಹೆಸರಿರಲಿಲ್ಲ, ಅಷ್ಟೆ.

ಫಲಕದ ಬೆಲೆ ಇಳಿದದ್ದೇ ತಡ, ಜನ ಮಾಡು ಹತ್ತಿದರು. ೨೦೧೧ರ ಕೊನೆಗೆ ಇಡೀ ದೇಶದಲ್ಲಿ ಇಪ್ಪತ್ತು ಮೆಗಾವಾಟೂ ಇರಲಿಲ್ಲ. ೨೦೧೨ರ ಕೊನೆಗೆ ಸುಮಾರು ನಾನೂರು! ೨೦೨೦ಕ್ಕೆ ಇನ್ನೂರು ಆದೀತೆಂದು ಎಣಿಸಿದ್ದವರು ಬೆಚ್ಚಿಬಿದ್ದರು. ೨೦೧೨ರ ನವೆಂಬರಿನಲ್ಲಿ ನಿಯಮ ಬದಲಾಯಿತು. ವರ್ಷದ ಲೆಕ್ಕ ಹೋಗಿ ಗಂಟೆಯ ಲೆಕ್ಕ ಬಂದಿತು: ಈ ಗಂಟೆಯಲ್ಲಿ ಬೆಳೆದದ್ದನ್ನು ಈ ಗಂಟೆಯಲ್ಲೇ ಉಣ್ಣಬೇಕು, ಮಿಕ್ಕದ್ದನ್ನು ಗೊತ್ತಾದ ಬೆಲೆಗೆ ಮಾರಬೇಕು. ಮೊದಲೇ ಹಾಕಿಸಿದ್ದ ಗೃಹಸ್ಥರಿಗೆ ಮಾತ್ರ ಹಳೆಯ ಲೆಕ್ಕವನ್ನು ಇಪ್ಪತ್ತು ವರ್ಷ ಉಳಿಸಿಕೊಟ್ಟರು.

ಸರಕಾರ ಮಾತು ತಪ್ಪಿತೆಂದು ಗೊಣಗಿದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಾನು ಬಾಡಿಗೆ ಮನೆಯವನು. ನನ್ನ ತಲೆಯ ಮೇಲಿನ ಮಾಡು ನನ್ನದಲ್ಲ. ಆದ್ದರಿಂದ ನನ್ನ ಯೋಚನೆ ಕೋಪನ್‌ಹೇಗನ್ನಿನ ನಾಲ್ಕನೆಯ ಅಂತಸ್ತಿನ ಬಾಡಿಗೆದಾರನ ಕಡೆಗೆ ಹೋಗುತ್ತದೆ. ಮಾಡುಳ್ಳವನು ತಪ್ಪಿಸಿದ ತೆರಿಗೆಯ ಭಾರ ಮಾಡಿಲ್ಲದವನ ಪಾಲಿಗೂ ಬರುತ್ತದಲ್ಲ! ಸೂರ್ಯ ಎಲ್ಲರಿಗೂ ಸಮ, ಸೂರು ಹಾಗಲ್ಲ.

ಇದಕ್ಕೆ ಆ ದೇಶದಲ್ಲಿಯೇ ಇನ್ನೊಂದು ಉತ್ತರವೂ ಇದೆ. ಏರೋ ದ್ವೀಪದ ಮಾರ್ಸ್ಟಾಲ್ ಎರಡು ಸಾವಿರ ಚಿಲ್ಲರೆ ಜನರ ಊರು. ಅಲ್ಲಿಯ ಬಳಕೆದಾರರೇ ಒಡೆಯರಾದ ಸಹಕಾರ ಸಂಘ ೧೯೯೬ರಿಂದ ಬಿಸಿಲಿನಲ್ಲಿ ನೀರು ಕಾಯಿಸಿ ಮನೆಮನೆಗೆ ಕೊಳವೆಯಲ್ಲಿ ಹರಿಸುತ್ತಿದೆ. ೨೦೧೨ರಲ್ಲಿ, ಯೂರೋಪಿಯನ್ ಒಕ್ಕೂಟದ ನೆರವಿನೊಡನೆ, ಫಲಕಗಳು ಮೂವತ್ತಮೂರು ಸಾವಿರ ಚದರ ಮೀಟರಿಗೆ ಬೆಳೆದವು. ಜೊತೆಗೆ ದೊಡ್ಡದೊಂದು ಹೊಂಡ ತೋಡಿ, ಬೇಸಗೆಯ ಬಿಸಿನೀರು ತುಂಬಿ, ಶಾಖ ಹೋಗದಂತೆ ಮುಚ್ಚಳ ಹೊದಿಸಿದ್ದಾರೆ. ನಮ್ಮ ಅಜ್ಜಿಯರು ಹಗೇವಿನಲ್ಲಿ ರಾಗಿ ಇಟ್ಟ ಹಾಗೆ. ಇಲ್ಲಿ ಬೇಸಗೆ ನಿಜವಾಗಿಯೇ ಚಳಿಗಾಲದ ತನಕ ಉಳಿಯುತ್ತದೆ. ಶಾಖ ಮಾರಿ ಲಾಭ ಮಾಡಕೂಡದೆಂಬ ಕಟ್ಟಳೆ ೧೯೭೯ರ ಕಾಯಿದೆಯಿಂದ ಬಂದದ್ದು. ಕೊಳವೆ ಬಂದ ಮನೆಯಲ್ಲಿ ಒಡೆಯನಿಗೂ ಬಾಡಿಗೆಯವನಿಗೂ ಬೆಚ್ಚನೆಯದು ಒಂದೇ ನೀರು.

ನಮ್ಮಲ್ಲಿಯೂ ೨೦೨೪ರಲ್ಲಿ ಕೇಂದ್ರ ಸರಕಾರ ಮಾಡಿನ ಸೌರವಿದ್ಯುತ್ತಿಗೆ ಎಪ್ಪತ್ತೆಂಟು ಸಾವಿರ ರೂಪಾಯಿಯವರೆಗೆ ಸಹಾಯಧನ ಸಾರಿತು. ಒಳ್ಳೆಯದೇ, ಮಾಡಿದ್ದವರು ಬಿಡಬಾರದು. ಆದರೆ ಯೋಜನೆಯ ಬೆಲೆ ಕಟ್ಟುವಾಗ ಎಷ್ಟು ಮಾಡುಗಳು ಮಿನುಗಿದವೆಂದು ಎಣಿಸಿದರೆ ಸಾಲದು. ಆ ಮಾಡಿನ ಕೆಳಗಿಲ್ಲದವರ ಬಿಲ್ಲು ಏನಾಯಿತೆಂದೂ ನೋಡಬೇಕು.